ದೇವರ ಜಗಲಿಯ ಮೇಲೆ ದೆವ್ವದ ಕಾದಂಬರಿ

ವಿಭೂತಿ, ಕರ್ಪೂರ, ಹಳೆಯ ಕಾಗದ ಮೂರೂ ಸೇರಿದರೆ ಬೇರೆಯೇ ಒಂದು ವಾಸನೆ ಬರುತ್ತದೆ. ಕಳೆದ ತಿಂಗಳು ಸಾವಾಗಿದ್ದ ಖಾನಾಪುರದ ಒಂದು ಮನೆಯವರನ್ನು ಮಾತಾಡಿಸಲು ಹೋಗಿದ್ದೆ. ದೇವರ ಕೋಣೆಯಿಂದ ಆ ವಾಸನೆ ಬಂತು. ಹಿಂದವಾಡಿಯಲ್ಲಿ ನನ್ನ ಬಾಜೂಮನೆಯಲ್ಲಿದ್ದ ಸರ್ ನೆನಪಾದರು...

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಒಂದು ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಅವರು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ವಿಕ್ಟೋರಿಯಾ ರಾಣಿಯ ಕಾಲದ ದೆವ್ವದ ಕಾದಂಬರಿಗಳ ಮೊದಲ ಮುದ್ರಣ ಗುರುತಿಸುವುದು ಅವರ ಹುಚ್ಚು. ಪಿಎಚ್.ಡಿ. ಪ್ರಬಂಧವೂ ಅದರ ಮೇಲೆಯೇ. ಆ ಪದವಿ ಸಿಕ್ಕರೆ ವಿಭಾಗದ ಮುಖ್ಯಸ್ಥರಾಗುವ ಸರದಿ ಅವರದು. ಸಹೋದ್ಯೋಗಿಗಳು ಕೆಣಕುತ್ತಿದ್ದರು: “ಏನ್ ಸರ, ನಿಮ್ಮ ದೆವ್ವಕ್ಕ ಡಿಗ್ರಿ ಸಿಕ್ಕಿತೇನು?”

“ದೆವ್ವಕ್ಕ ಸಿಗತೈತ್ರಿ. ನಂದಽ ಗೊತ್ತಿಲ್ಲ,” ಎಂದು ನಗುತ್ತಿದ್ದರು.

ಮುಖಪುಟದ ಒಳಗಿನ ಇಸವಿಯನ್ನು ನಂಬಬಾರದು ಎಂದು ನನಗೆ ಹೇಳಿಕೊಟ್ಟವರು ಅವರು. ಅದೇ ವರ್ಷ ಮತ್ತೆ ಅಚ್ಚು ಹಾಕಿದ ಪ್ರತಿಯಲ್ಲೂ ಅದೇ ಇಸವಿ ಇರುತ್ತದೆ. ನೋಡಬೇಕಾದದ್ದು ಪುಸ್ತಕದ ಕೊನೆಗೆ ಹೊಲಿದ ಜಾಹೀರಾತಿನ ಹಾಳೆಗಳನ್ನು. ಅವುಗಳ ಅಡಿಯಲ್ಲಿ ತಿಂಗಳೂ ಅಚ್ಚಾಗಿರುತ್ತದೆ. ಯಾರೂ ಓದದ ಹಾಳೆಯೇ ಸಾಕ್ಷಿ ಎನ್ನುತ್ತಿದ್ದರು.

ಅಂಥ ಒಂದು ಪ್ರತಿ ಖಾನಾಪುರದ ಕಟ್ಟಿಗೆ ಅಡ್ಡೆಯ ಸಾಹುಕಾರರ ಮನೆಯಲ್ಲಿ ಸಿಕ್ಕಿತು. ದೇಶ ಬಿಡುವಾಗ ಇಂಗ್ಲಿಷ್ ಅರಣ್ಯಾಧಿಕಾರಿಯೊಬ್ಬ ಸಾಹುಕಾರರ ತಂದೆಗೆ ಕೊಟ್ಟುಹೋದದ್ದು. ಕೊನೆಯ ಹಾಳೆಯ ಒಂದು ಬದಿಗೆ ಪ್ರಕಾಶಕರ ಪುಸ್ತಕಗಳ ಪಟ್ಟಿ, ಅಡಿಯಲ್ಲಿ ಕಾದಂಬರಿ ಹೊರಬಂದ ತಿಂಗಳೇ ಇತ್ತು, ಎಂದರೆ ಮೊದಲ ಮುದ್ರಣವೇ. ಇನ್ನೊಂದು ಬದಿಗೆ ದನದ ಮಾಂಸದ ಸಾರಿನ ಜಾಹೀರಾತು, ಎತ್ತಿನ ತಲೆಯ ದೊಡ್ಡ ಚಿತ್ರ. ಪುಸ್ತಕ ಹೊಸ್ತಿಲು ದಾಟಿಸಲು ಸಾಹುಕಾರರು ಒಪ್ಪಲಿಲ್ಲ. ಸರ್ ಆ ಹಾಳೆಯನ್ನು ಕೈಯಲ್ಲೇ ನಕಲು ಮಾಡಿಕೊಂಡರು. ಹೊರಡುವಾಗ ಕೈಮುಗಿದು, “ಸಾಹುಕಾರ್ರ, ಇದನ್ನ ದೇವರ ಹಂಗ ಜ್ವಾಕಿ ಮಾಡ್ರಿ,” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಪ್ರಬಂಧದ ಮುಖ್ಯ ಅಧ್ಯಾಯ ನಿಂತದ್ದು ಆ ಹಾಳೆಯ ಮೇಲೆ. ಪರೀಕ್ಷಕರು ಪ್ರತಿಯನ್ನು ಕಣ್ಣಾರೆ ನೋಡಬೇಕೆಂದರು. ಪತ್ರಿಕೆಗೊಂದು ಸುದ್ದಿಯಾದೀತೆಂದು ನಾನೂ ಸರ್ ಮತ್ತು ಪರೀಕ್ಷಕರ ಜೊತೆ ಹೊರಟೆ. ಸಾಹುಕಾರರ ತಾಯಿ ನಮ್ಮನ್ನು ನೇರ ದೇವರ ಕೋಣೆಗೆ ಕರೆದೊಯ್ದರು. ಜಗಲಿಯ ಮೇಲೆ, ಬಸವಣ್ಣನ ಪಟದ ಮುಂದೆ, ಪುಸ್ತಕವಿತ್ತು. ರಟ್ಟಿನ ಮೇಲೆ ಮೂರೆಳೆ ವಿಭೂತಿ.

ಸರ್ ಪುಸ್ತಕವನ್ನು ಕೊನೆಯಿಂದ ತೆರೆದರು. ಮುಚ್ಚಿ, ಮತ್ತೆ ತೆರೆದರು...

“ಆ ಎತ್ತಿನ ಹಾಳಿ ಹುಡುಕ್ತೀರೇನ್ರಿ?” ಎಂದರು ಮುದುಕಿ. “ಅದು ಏನಂತ ಮಗ ಓದಿ ಹೇಳಿದ. ನಾನಽ ಹರದು ಬಚ್ಚಲ ಒಲ್ಯಾಗ ಹಾಕೀನಿ. ಕೊಯ್ದ ಎತ್ತಿನ ತಲಿ ಬಸವಣ್ಣನ ಮುಂದ ಇಡಾಕ ಬರತೈತೇನ್ರಿ ಸರ? ದೇವರ ಹಂಗ ಜ್ವಾಕಿ ಮಾಡ್ರಿ ಅಂದವ್ರು ನೀವಽ ಅಲ್ಲೇನು?”

ಸರ್ ಪುಸ್ತಕವನ್ನು ಎರಡೂ ಕೈಯಿಂದ ಜಗಲಿಯ ಮೇಲಿಟ್ಟರು. “ಬರೂದಿಲ್ರೀ ಅವ್ವಾರ. ನೀವು ಮಾಡಿದ್ದು ಖರೇ ಐತಿ.”

ಬಸ್ ಸ್ಟ್ಯಾಂಡಿನಲ್ಲಿ ಪರೀಕ್ಷಕರು, “ನಿಮ್ಮ ಮಾತಿನ ಮ್ಯಾಲೆ ನನಗ ನಂಬಿಕಿ ಅದ. ಆದ್ರ ಸುಟ್ಟ ಹಾಳಿಗೆ ಡಿಗ್ರಿ ಕೊಡ್ಲಿಕ್ಕೆ ಬರೂದಿಲ್ಲ,” ಎಂದರು. ಕೈನಕಲನ್ನು ಅವರು ಪುರಾವೆ ಎಂದು ಒಪ್ಪಲಿಲ್ಲ. ಒಪ್ಪುವಂತೆಯೂ ಇರಲಿಲ್ಲ.

ಪ್ರಬಂಧ ತಿರಸ್ಕೃತವಾಯಿತು. ಸ್ಟಾಫ್ ರೂಮಿಗೆ ಹೊಸ ಮಾತು ಸಿಕ್ಕಿತು: “ಸರ್ರ ದೆವ್ವ ಬಚ್ಚಲ ಒಲ್ಯಾಗ ಹೋತಂತ!” ಈ ಸಲ ಅವರು ನಗಲಿಲ್ಲ. ಆ ಮಾತು ಹುಟ್ಟಿಸಿದ ಕಿರಿಯನೇ ಮುಂದೆ ವಿಭಾಗದ ಮುಖ್ಯಸ್ಥನಾದ. ಸರ್‌ಗೆ ಮೊದಲ ವರ್ಷದವರಿಗೆ ಅರ್ಜಿ ಬರೆಯಲು ಕಲಿಸುವ ತರಗತಿ ಹಾಕಿದ. ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ನಿಧನದ ಸುದ್ದಿಯಲ್ಲಿ ನಾನು ‘ಸಂಶೋಧಕ’ ಎಂದು ಬರೆದಿದ್ದೆ. ಸುದ್ದಿ ಸಂಪಾದಕರು, “ಪುರಾವಾ ಏನೈತಿ?” ಎಂದು ಕೇಳಿ ಆ ಪದ ಹೊಡೆದುಹಾಕಿದರು.

ಕಳೆದ ತಿಂಗಳು ತೀರಿಕೊಂಡದ್ದು ಆ ಸಾಹುಕಾರರು. ಪುಸ್ತಕ ಇನ್ನೂ ಜಗಲಿಯ ಮೇಲೆಯೇ ಇದೆ. ಅದನ್ನು ನಾನು ನೋಡುತ್ತಿದ್ದುದನ್ನು ಗಮನಿಸಿ ಮನೆಯ ಸೊಸೆ ಹೇಳಿದಳು: “ಯಾರೋ ದೊಡ್ಡ ಸರ ಹೇಳಿಹೋಗಿದ್ರಂತ್ರಿ, ದೇವರ ಹಂಗ ಜ್ವಾಕಿ ಮಾಡ್ರಿ ಅಂತ. ಅಜ್ಜಿ ಕಾಲದಿಂದ ಒಂದಿನಾನೂ ಪೂಜಿ ತಪ್ಪಿಸಿಲ್ಲ.”

ಯಾರು ಆ ಸರ್ ಎಂದು ಕೇಳಿದೆ.

“ಹೆಸರು ಗೊತ್ತಿಲ್ರಿ,” ಎಂದಳು.

ರಟ್ಟು ಮುಟ್ಟಿದೆ. ಆ ದಿನದ ವಿಭೂತಿ ಇನ್ನೂ ಆರಿರಲಿಲ್ಲ, ಬೆರಳಿಗೆ ಹತ್ತಿತು.