ಸತ್ತಿಲ್ರೀ ಮಾವಾರ!

ನಮ್ಮ ಸೊಸೆ ಮಾವನ ಮುಂದೆ ಬಾಯಿ ತೆರೆದದ್ದು ನಾನು ಕಥೆ ಕೆಡಿಸಿದ್ದಕ್ಕೆ. ನಮ್ಮೂರು ಮಸ್ಕಿಯ ಮಂದಿ ಏನಾದರೂ ಅನ್ನಲಿ.

ನಿಜಾಮರ ಕಾಲದ ಸಾಲಿ ಕಲಿತ ನಮ್ಮ ಯಜಮಾನರಿಗೆ ಉರ್ದು ಮಾತ್ರ ಓದಲು ಬರುತ್ತಿತ್ತು, ಸೊಸೆಗೆ ಕನ್ನಡ ಮಾತ್ರ. ಮಾವ, ಸೊಸೆ ಎದುರುಬದುರು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಹಿಂಗಾಗಿ ಆಕೆ ನನಗೆ ಓದಿ ಹೇಳಿದ ಕಥೆಯನ್ನು ಅವರಿಗೆ, ಅವರು ಓದಿ ಹೇಳಿದ್ದನ್ನು ಆಕೆಗೆ ಮುಟ್ಟಿಸುವವಳು ನಾನು.

ಅವತ್ತು ಊಟಕ್ಕೆ ಬಡಿಸುತ್ತ, "ನಿನ್ನಿ ಕಥ್ಯಾಗಿನ ಹೆಣ್ಮಗಳು ಹೊಳಿಗೆ ಬಿದ್ದು ಸತ್ಳು" ಅಂದೆ. ಅವರು ಕೈಯಾಗಿನ ರೊಟ್ಟಿ ಇಟ್ಟುಬಿಟ್ಟರು.

ಬಾಗಿಲ ಹಿಂದಿನಿಂದ ಸೊಸೆಯ ದನಿ ಬಂತು: "ಸತ್ತಿಲ್ರೀ ಮಾವಾರ! ಅಂಬಿಗ ಜಡಿ ಹಿಡದು ಎಳದಾನ. ಅತ್ತಿಯಾರು ಅಷ್ಟೊತ್ತಿಗೆ ತೂಕಡಸಾಕತ್ತಿದ್ರು."

ಮದುವೆಯಾಗಿ ಬಂದ ಮೇಲೆ ಅವರ ಕಿವಿಗೆ ಬಿದ್ದ ಆಕೆಯ ಮೊದಲ ಮಾತು ಅದು. ತಾಟು ಒದ್ದು ಎದ್ದೇಬಿಡುತ್ತಾರೆ ಅಂದುಕೊಂಡೆ. ಅವರು ಗೋಡೆ ಕಡೆ ಮುಖ ಮಾಡಿ, ಸಣ್ಣ ಹುಡುಗನ ಹಂಗೆ ಕೇಳಿದರು: "ಮುಂದ ಏನಾತವಾ?"

ಆಕೆ ಹೇಳಿದಳು. ಆಮೇಲೆ ಅವರೂ ತಮ್ಮ ಪುಸ್ತಕದ್ದು ಹೇಳಿದರು. ಸೌಟು ಹಿಡಿದು ನಾನು ಹಂಗೇ ನಿಂತಿದ್ದೆ. ಇಬ್ಬರ ಕಥೆಗಳೂ ನಾನು ಹೇಳುತ್ತಿದ್ದುದಕ್ಕಿಂತ ಎಷ್ಟೋ ದೊಡ್ಡವಿದ್ದವು.

ಮರುದಿನ ಮುಂಜಾನೆ ಸೊಸೆಯ ಕೈಯಾಗಿನ ಮೊರ ಕಸಿದುಕೊಂಡೆ. ಪುಸ್ತಕ ಕೊಟ್ಟು ಆಕೆಯನ್ನು ಅವರು ಕೂಡುವ ಪಡಸಾಲೆಯ ಬಾಗಿಲಿಗೆ ಕೂಡಿಸಿ, ಜೋಳ ನಾನು ಹಸನು ಮಾಡಿದೆ.