ಕೂಸಿನ ಮುಂದ ಕನ್ನಡ ಬ್ಯಾಡ

ಬಾಣಂತಿಗೆ ಬುದ್ಧಿ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಲು ಹಾಕುವವನು ಹೇಳಬಹುದು, ಮಹಡಿಯ ಮೇಲಿನ ಬಾಡಿಗೆಯವರು ಹೇಳಬಹುದು, ಗಂಡನ ಗೆಳೆಯನ ಹೆಂಡತಿ ಚಹಾ ಕುಡಿಯಲು ಬಂದು ಹೇಳಿ ಹೋಗಬಹುದು. ನಾನು ಮಗಳನ್ನು ಹೆತ್ತ ವರ್ಷ ಸೊಲ್ಲಾಪುರದಲ್ಲಿ ನನಗೆ ಬುದ್ಧಿ ಹೇಳದೆ ಉಳಿದದ್ದು ನಮ್ಮ ಓಣಿಯ ನಾಯಿ ಒಂದೇ. ಬುದ್ಧಿ ಹೇಳಿದವರಲ್ಲಿ ಒಬ್ಬರನ್ನೂ ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಅವಸರವೂ ನನಗಿಲ್ಲ.

ಹೆರಿಗೆಯಾದದ್ದು ಅಕ್ಕಲಕೋಟದ ಆಸ್ಪತ್ರೆಯಲ್ಲಿ, ಬಾಣಂತನ ಕರಜಗಿಯ ತವರುಮನೆಯಲ್ಲಿ. ಚೊಚ್ಚಲು ತವರಿನದು ಎಂಬ ನೇಮ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ತವರಲ್ಲಿ ಸುಖವಾಗಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಿರುಬೇಸಿಗೆ, ಹೊರಸಿನ ಕೆಳಗೆ ಕೆಂಡ, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಅತ್ತರೆ ಅವ್ವ, “ಅಳಬ್ಯಾಡ, ಹಾಲು ಕೆಡತಾವ” ಅನ್ನುತ್ತಿದ್ದಳು. ಹಾಲಿನ ಚಿಂತೆ ಇತ್ತು, ಹಾಲು ಕೊಡುವವಳ ಚಿಂತೆ ಯಾರಿಗೂ ಇರಲಿಲ್ಲ. ಆದರೆ ಅವ್ವನ ಬಾಯಿ ಸುಮ್ಮನಿರುವಂಥದಲ್ಲ. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಎರೆಯುವಾಗ ಊರ ಸುದ್ದಿಯನ್ನೆಲ್ಲ ಅದಕ್ಕೇ ಒಪ್ಪಿಸುತ್ತಿದ್ದಳು. “ನಿಮ್ಮಪ್ಪ ಈ ಐತಾರನೂ ಬರಲಿಲ್ಲ ನೋಡವಾ. ಬಸ್ಸು ಸಿಗಲಿಲ್ಲಂತ. ಯಾರಿಗಿ ಹೇಳತಾನ ಅಂವ?” ಕೂಸು “ಊಂ” ಅನ್ನುತ್ತಿತ್ತು. “ಹೌದಲ್ಲ? ನಿನಗೂ ತಿಳೀತು ನೋಡು,” ಎಂದು ಅವ್ವ ಇನ್ನೊಂದು ಚೊಂಬು ಸುರಿಯುತ್ತಿದ್ದಳು. ಮೂರು ತಿಂಗಳಿಗೆ ಕೂಸು ನನ್ನ ಮುಖ ಕಂಡರೆ ನಗುತ್ತಿತ್ತು. ನಾನು ಮಾತಾಡಿದರೆ ತಾನೂ ಏನೋ ರಾಗ ಎಳೆಯುತ್ತಿತ್ತು.

ಆಮೇಲೆ ತೊಟ್ಟಿಲ ಸಮೇತ ನಮ್ಮನ್ನು ಸೊಲ್ಲಾಪುರಕ್ಕೆ ಕಳಿಸಿದರು.

ಗಂಡನ ಮನೆಯವರು ಮೂಲ ಕಂದಲಗಾಂವದವರು. ನನ್ನ ಗಂಡನ ಮುತ್ತಜ್ಜ ಕಂಬಳಿ ಹೆಗಲ ಮೇಲೆ ಹೊತ್ತು ಹಳ್ಳಿಹಳ್ಳಿ ತಿರುಗಿ ಮಾರಿದವನು. ಈಗ ಪೇಟೆಯಲ್ಲಿ ಚಾದರ, ಟವೆಲ್ಲಿನ ಠೋಕ ಅಂಗಡಿ, ಸಗಟು ವ್ಯಾಪಾರ. ಮನೆದೇವರು ನಮ್ಮದೇ ಕುರುಬರ ಬೀರೋಬಾ, ಮನೆಯ ಹಿರಿಯರ ಮಾತು ನಮ್ಮದೇ ಕನ್ನಡ. ಆದರೆ ನನ್ನ ಮೈದುನನ ಮಗನನ್ನು ದೊಡ್ಡ ಸಾಲೆಗೆ ಸೇರಿಸಲು ಕರೆದೊಯ್ದಾಗ ಅಲ್ಲಿನ ಬಾಯಿಯವರು, ಅಂದರೆ ಶಿಕ್ಷಕಿ, ಚಿತ್ರ ತೋರಿಸಿ ಇದೇನು ಎಂದು ಮರಾಠಿಯಲ್ಲಿ ಕೇಳಿದರಂತೆ. ಅವನು “ಕುರಿ” ಅಂದನಂತೆ. ಅಲ್ಲಿ ಕುಳಿತಿದ್ದ ತಂದೆತಾಯಿಗಳೆಲ್ಲ ನಕ್ಕರಂತೆ. ಸೀಟು ಸಿಗಲಿಲ್ಲ. ಕುರಿಯಿಂದಲೇ ಮೇಲೆ ಬಂದ ಮನೆತನಕ್ಕೆ ಕುರಿ ಎಂದದ್ದೇ ಅವಮಾನವಾಯಿತು. ಅವತ್ತಿನಿಂದ ಅತ್ತೆಯವರ ಕಾನೂನು ಹುಟ್ಟಿತು.

ನಾನು ಕೂಸಿನೊಂದಿಗೆ ಹೊಸಿಲು ದಾಟಿದ ದಿನವೇ ಅದನ್ನು ನನಗೆ ಹೇಳಿದರು. “ನೋಡು, ಕೂಸಿನ ಮುಂದ ಕನ್ನಡ ಬ್ಯಾಡ. ಎರಡೆರಡು ಭಾಷಾ ಕಿವ್ಯಾಗ ಬಿದ್ರ ಕೂಸಿನ ತಲಿ ಗೊಂದಲ ಆಗತದ. ಮರಾಠಿಲೇ ಮಾತಾಡು.”

“ನನಗ ಛಲೋ ಬರೂದಿಲ್ಲರಿ, ಅತ್ತ್ಯಾರ.”

“ಬರೂತನಾ ಸುಮ್ಮ ಇರು.”

ಸುಮ್ಮನಿದ್ದೆ. ನಾನು ಕರಜಗಿಯ ಕನ್ನಡ ಸಾಲೆಯಲ್ಲಿ ಓದಿದವಳು. ನನ್ನ ಮರಾಠಿ ಬಸ್ ಸ್ಟ್ಯಾಂಡಿನ ಮರಾಠಿ. ತಿಕೀಟು ಕೇಳಬಲ್ಲೆ, ಕಾಯಿಪಲ್ಯೆ ಚೌಕಾಸಿ ಮಾಡಬಲ್ಲೆ, ಪುಂಡರನ್ನು ಗದರಿಸಬಲ್ಲೆ. ಆ ಭಾಷೆಯಲ್ಲಿ ಮೊಲೆಯುಣ್ಣುವ ಕೂಸಿಗೆ ಏನು ಹೇಳಬೇಕು? ಒಂದೆರಡು ಸಲ ಯತ್ನಿಸಿದೆ. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಪಕ್ಕದ ಕೋಣೆಯಿಂದ ಕಿಸಕ್ಕನೆ ನಕ್ಕಳು. ಮತ್ತೆ ಯತ್ನಿಸಲಿಲ್ಲ.

ಅತ್ತೆಯವರ ನ್ಯಾಯವನ್ನು ನೋಡಿ. ನನ್ನನ್ನು ಬೈಯುವಾಗ ಅವರಿಗೆ ಕನ್ನಡವೇ ಬೇಕು, ಅದೂ ಅವರ ತವರು ಚಪಳಗಾಂವದ ಖಡಕ್ ಕನ್ನಡ. ಕೂಸಿನ ಕಡೆ ತಿರುಗಿದ ಕೂಡಲೇ ದನಿ ಸಣ್ಣಗಾಗಿ, ಟಿವಿಯಲ್ಲಿ ಸಾಬೂನು ಮಾರುವವರ ಮರಾಠಿ ಹೊರಡುತ್ತಿತ್ತು. ಅದೂ ಒಂದು ಕ್ಷಣ. ಆಮೇಲೆ ಅವರಿಗೆ ಪೂಜೆ, ಅಡುಗೆ, ಅಂಗಡಿಯ ಹುಡುಗರ ಡಬ್ಬಿ. ನನ್ನನ್ನು ಬೈಯಬೇಕಾದಾಗ ಮಾತ್ರ ಅಡುಗೆಮನೆಗೆ ಕರೆಸಿಕೊಳ್ಳುತ್ತಿದ್ದರು, ಕೂಸಿನ ಕಿವಿಗೆ ಬೀಳಬಾರದಲ್ಲ. ಬೆಳಗಿನಿಂದ ಸಂಜೆಯ ತನಕ ಕೋಣೆಯಲ್ಲಿ ನಾನು ಮತ್ತು ಕೂಸು, ಇಬ್ಬರೂ ಮೂಕರು. ಗಂಡ ಮೊಬೈಲಿನಲ್ಲಿ ಮರಾಠಿ ಶಿಶುಗೀತೆ ಹಚ್ಚಿ ತೊಟ್ಟಿಲಿಗೆ ಕಟ್ಟಿ ಅಂಗಡಿಗೆ ಹೋಗುತ್ತಿದ್ದ. ಕೂಸು ಅದನ್ನು ನೋಡುತ್ತಿತ್ತು. ನಾನು ಗೋಡೆ ನೋಡುತ್ತಿದ್ದೆ.

ಕೂಸು ನಗುವುದು ಕಡಿಮೆಯಾಯಿತು. ರಾಗ ಎಳೆಯುವುದು ನಿಂತಿತು. ಬೇರೆಯವರ ಮಕ್ಕಳು ಬಬ್ಬಬ್ಬ, ದದ್ದದ್ದ ಅನ್ನುವ ವಯಸ್ಸಿಗೆ ನನ್ನ ಮಗಳು ಕೈ ಬಾಯಲ್ಲಿಟ್ಟುಕೊಂಡು ಸುಮ್ಮನೆ ಮಲಗಿರುತ್ತಿದ್ದಳು. ಮಕ್ಕಳ ಡಾಕ್ಟರರ ಬಳಿ ಒಯ್ದೆವು. ಅವರು ಕಿವಿ ನೋಡಿದರು, ಕಣ್ಣು ನೋಡಿದರು, ಎಲ್ಲ ಸರಿಯಿದೆ ಅಂದರು. ತಾಯಿ ಕೂಸಿನೊಂದಿಗೆ ಮುಖ ಕೊಟ್ಟು ಮಾತಾಡುತ್ತಿರಬೇಕು, ಇದೇ ಔಷಧಿ, ಅಂದರು. ನಂತರ ನನ್ನ ಕಡೆ ನೋಡಿ ನಿದ್ದೆ ಬರುತ್ತದೆಯೇ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು, “ಛಾನ್ ಝೋಪ್ ಯೇತೆ” ಅಂದುಬಿಟ್ಟರು. ನನಗೆ ಸೊಗಸಾಗಿ ನಿದ್ದೆ ಬರುತ್ತದಂತೆ. ಹಿಂದಿರುಗುವಾಗ ರಿಕ್ಷಾದಲ್ಲಿ ನನಗೆ ತಿಳಿಹೇಳಿದರು. “ಕೇಳಿದಿಲ್ಲೊ? ತಾಯಿ ಮಾತಾಡಬೇಕಂತ. ಲಗೂನ ಮರಾಠಿ ಕಲಿ.”

ಆ ರಿಕ್ಷಾದಿಂದ ಅವರನ್ನು ನೂಕಿಬಿಡಬೇಕು ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ನನಗೆ ಕೂಸಿನ ಮೇಲೆ ಏನೂ ಅನ್ನಿಸುತ್ತಿರಲಿಲ್ಲ. ಅದು ಅತ್ತರೆ ಎತ್ತಿಕೊಳ್ಳುತ್ತಿದ್ದೆ, ಹಸಿದರೆ ಹಾಲು ಕೊಡುತ್ತಿದ್ದೆ, ಯಾರದೋ ಮನೆಯ ಕೂಸನ್ನು ಕಾಯುತ್ತಿದ್ದೇನೆ, ಸಂಜೆ ಅವರು ಬಂದು ಒಯ್ಯುತ್ತಾರೆ ಅನ್ನಿಸುತ್ತಿತ್ತು. ಉಣ್ಣಲು ಮನಸ್ಸಿಲ್ಲ, ನಿದ್ದೆಯಿಲ್ಲ, ಅಳುವೂ ಬತ್ತಿತ್ತು. ಓಣಿಯವರು ದೃಷ್ಟಿ ಅಂದರು, ನೆಗೆಣ್ಣಿ ಹೊರಗಿನ ಗಾಳಿ ಬಡಿದಿದೆ ಅಂದಳು. ಕೊನೆಗೆ ಅತ್ತೆಯವರು ಮಾವನ ಮುಂದೆ, ನನಗೆ ಕೇಳಿಸುವಂತೆಯೇ, ತೀರ್ಮಾನ ಹೇಳಿದರು. “ಒಂದಿಷ್ಟು ದಿನ ಅಕ್ಕಲಕೋಟಕ್ಕ ಬಿಡೂಣು. ಗುಡಿ ಹತ್ರ ಅದ, ದಿನಾ ದರ್ಶನ ತಗೋಲಿ. ನೆಟ್ಟಗಾಗಲಿಲ್ಲಂದ್ರ ಆಕಿ ಕರಜಗಿಗಿ ಹೋಗಲಿ, ಕೂಸು ನಮ್ಮಲ್ಲಿ ಇರಲಿ. ಮ್ಯಾಲಿನ ಹಾಲು ಹಾಕಿ ನಾ ಜ್ವಾಪಾನ ಮಾಡ್ತೀನಿ.” ಮಾವ ಹೂಂ ಅಂದರು. ನನ್ನ ಗಂಡ ಚಪ್ಪಲಿ ಹುಡುಕುತ್ತಿದ್ದ. ಇಂಥ ಹೊತ್ತಿನಲ್ಲಿ ಅವನ ಚಪ್ಪಲಿ ಯಾವಾಗಲೂ ಕಳೆದಿರುತ್ತದೆ.

ಅಕ್ಕಲಕೋಟದಲ್ಲಿ ಮಾವನ ಅಕ್ಕ ಒಬ್ಬಳೇ ಇದ್ದಳು. ಎಲ್ಲರೂ ಅವಳನ್ನು ಆಯಿ ಅನ್ನುತ್ತಿದ್ದರು, ಅಂದರೆ ಅಜ್ಜಿ. ಕಥೆಗಳಲ್ಲಿ ಬರುವ ಅಜ್ಜಿಯಂತೆ ಅವಳು ನನ್ನ ತಲೆ ನೇವರಿಸಲಿಲ್ಲ. ನನ್ನನ್ನು ನೋಡಿದ್ದೇ ತಮ್ಮನ ಮನೆಯವರು ಕೆಟ್ಟುಹೋದ ಸಾಮಾನು ತನ್ನಲ್ಲಿ ತಂದು ಒಟ್ಟಿದರು ಅನ್ನುವ ಮುಖ ಮಾಡಿದಳು. ಬಾಯಿ ಎಂಥದೆಂದರೆ ನಲ್ಲಿಗೆ ನೀರು ಬರಲಿಲ್ಲವೆಂದು ನಲ್ಲಿಯನ್ನೇ ಬೈಯುವ ಬಾಯಿ. ಮರಾಠಿ ಅವಳಿಗೂ ಬರುತ್ತಿತ್ತು. ಆದರೆ ಅದನ್ನು ಗುಡಿಗೆ ಬರುವ ಭಕ್ತರಿಗೆ ದಾರಿ ಹೇಳಲಷ್ಟೇ ಬಳಸುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಹಾಲೂಡಿಸುತ್ತ ಕುಳಿತಿದ್ದೆ, ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ. ಅವಳು ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

“ಗ್ವಾಡಿಗಿ ಹಾಲು ಕುಡಸಾಕತ್ತಿಯೇನ?”

ನಾನು ಕೂಸನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿಕೊಂಡೆ.

“ಕೇಳಾಕತ್ತೀನಿ ನಾ. ಬಂದಾಗಿಂದ ನೋಡಾಕತ್ತೀನಿ, ಮಾತಿಲ್ಲ ಕತಿಯಿಲ್ಲ. ನಿಮ್ಮವ್ವ ನಿನ್ನ ಬಾಯಿ ಕೊಟ್ಟು ಹಡದಾಳೊ ಇಲ್ಲೊ? ಕರಜಗ್ಯಾಗ ಕುರಿ ಜತಿ ಬೆಳಸಿದ್ರ ಹಿಂಗs ಆಗತದ.”

ಅತ್ತೆಯವರು ನನ್ನನ್ನು ಎಷ್ಟೋ ಬೈದಿದ್ದರು, ನುಂಗಿಕೊಂಡಿದ್ದೆ. ಅವ್ವನ ಹೆಸರೆತ್ತಿದ್ದು ತಡೆಯಲಾಗಲಿಲ್ಲ. “ನಮ್ಮವ್ವನ ಸುದ್ದಿಗಿ ಬರಬ್ಯಾಡ್ರಿ, ಆಯಿ,” ಅಂದೆ. ಬರುತ್ತೇನೆ ಅಂದಳು. ಬಂದು ನೋಡಿ ಅಂದೆ. ಅಷ್ಟೇ, ಕಟ್ಟೆ ಒಡೆಯಿತು. ತಿಂಗಳುಗಟ್ಟಲೆ ಒಳಗೆ ಕೊಳೆತದ್ದೆಲ್ಲ ಹೊರಬಿತ್ತು. ಅತ್ತೆ, ನೆಗೆಣ್ಣಿ, ಗಂಡನ ಚಪ್ಪಲಿ, ಯಾರನ್ನೂ ಬಿಡಲಿಲ್ಲ. ಆಯಿಯೂ ಬಿಡುವವಳಲ್ಲ. ನಾನೊಂದು ಅಂದರೆ ಅವಳು ಎರಡು ಅಂದಳು. ಪಕ್ಕದ ಮನೆಯವರು ಹಿತ್ತಲ ಬಾಗಿಲು ತೆರೆದು ನಿಂತರು.

ಕೂಸು ಮೊಲೆ ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿತ್ತು. ನಾನು ಮಾತಾಡಿದರೆ ನನ್ನ ಕಡೆ, ಆಯಿ ಮಾತಾಡಿದರೆ ಆಯಿಯ ಕಡೆ ಕತ್ತು ಹೊರಳಿಸುತ್ತಿತ್ತು. ಇಬ್ಬರೂ ಉಸಿರು ತೆಗೆದುಕೊಳ್ಳಲು ನಿಂತಾಗ, ಈಗ ನನ್ನ ಸರದಿ ಅನ್ನುವವಳಂತೆ, ದೊಡ್ಡ ದನಿಯಲ್ಲಿ “ಆಂ” ಅಂದಳು ನನ್ನ ಮಗಳು.

“ನೋಡು, ಕೂಸಿಗೂ ನಿನ್ನ ಬಾಯಿ ಸಾಕಾಗ್ಯಾದ,” ಎಂದು ಆಯಿ ಮೊರ ಎತ್ತಿಕೊಂಡಳು. ಅವಳಿಗೇನೂ ತಿಳಿಯಲಿಲ್ಲ. ನನಗೆ ತಿಳಿಯಿತು. ಸೊಲ್ಲಾಪುರಕ್ಕೆ ಬಂದ ಮೇಲೆ ಕೂಸು ನನಗೆ ಕೊಟ್ಟ ಮೊದಲ ಉತ್ತರ ಅದು.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಜಗಳದಿಂದಲೇ ಮಾತು ಬಂತು. ಮರುದಿನದಿಂದ ಬೇಕೆಂದೇ ಕಾಲು ಕೆರೆದೆ. ಸಾರಿಗೆ ಉಪ್ಪು ಹೆಚ್ಚೆಂದು ಒಮ್ಮೆ, ಬಾಗಿಲು ತೆರೆದಿಟ್ಟರೆಂದು ಒಮ್ಮೆ. ಆಯಿ ಒಂದು ಜಗಳವನ್ನೂ ವ್ಯರ್ಥ ಮಾಡಲಿಲ್ಲ. ನಡುನಡುವೆ ನಾನು ಕೂಸಿಗೇ ದೂರು ಹೇಳತೊಡಗಿದೆ. “ಕೇಳಿದ್ಯಾ ಈ ಮುದುಕಿ ಮಾತ? ನೀನs ನ್ಯಾಯ ಹೇಳವಾ.” ಕೂಸು ನ್ಯಾಯ ಹೇಳುತ್ತಿತ್ತು, ಬಬ್ಬಬ್ಬ ಎಂದು. ದೂರಿನ ಜೊತೆ ಲಾಲಿ ಬಂತು, ಅವ್ವ ಎರೆಯುವಾಗ ಹೇಳುತ್ತಿದ್ದ ಮಾತುಗಳು ಬಂದವು. ಒಂದು ದಿನ ಅದರ ಕಾಲಿಗೆ ಎಣ್ಣೆ ಹಚ್ಚುವಾಗ ಅದು ನಕ್ಕಿತು. ಇದು ನನ್ನದು, ಯಾರಿಗೂ ಕೊಡುವುದಿಲ್ಲ ಅನ್ನಿಸಿ ಎದೆ ಉಬ್ಬಿ ಬಂತು. ಅವತ್ತು ಹೊಟ್ಟೆ ತುಂಬ ಉಂಡು ನಿದ್ದೆ ಮಾಡಿದೆ. ಎಲ್ಲ ಬಾಣಂತಿಯರಿಗೂ ಜಗಳವೇ ಮದ್ದು ಅನ್ನುವಷ್ಟು ದಡ್ಡಿ ನಾನಲ್ಲ. ಡಾಕ್ಟರು ಬೇಕಾದವರಿಗೆ ಡಾಕ್ಟರೇ ಬೇಕು. ಆದರೆ ಹೆತ್ತವಳ ಬಾಯಿಗೆ ಬೀಗ ಹಾಕಿದ ಮೇಲೆ ಯಾವ ಡಾಕ್ಟರು ಏನು ಮಾಡಿಯಾರು?

ಅತ್ತೆಯವರು ಬಂದರು. ಜೊತೆಗೆ ನನ್ನ ಗಂಡ, ಕೈಯಲ್ಲಿ ಹಾಲಿನ ಪುಡಿಯ ಡಬ್ಬಿ, ಹೊಸ ಬಾಟಲಿ. ಡಬ್ಬಿ ನೋಡಿದ ಕೂಡಲೇ ಯಾಕೆ ಬಂದಿದ್ದಾರೆ ಎಂದು ಗೊತ್ತಾಯಿತು. ಕೂಸನ್ನು ತೊಡೆಯ ಮೇಲೆ ಎಳೆದುಕೊಂಡೆ. ಅತ್ತೆಯವರು ಚಾಪೆಯ ಮೇಲೆ ಕುಳಿತು ಕೂಸಿನ ಕಡೆ ಬಾಗಿ ಸಾಬೂನಿನ ದನಿ ತೆಗೆದು ಹೇಗಿದ್ದೀ ಎಂದು ಕೇಳಿದರು. “ಕಾಯ್ ಗ ಸೋನೂ, ಕಶೀ ಆಹೇಸ?”

ಕೂಸು ಅವರನ್ನು ಒಮ್ಮೆ ನೋಡಿ ಮುಖ ತಿರುಗಿಸಿತು. ಕೈ ಬಾಯಲ್ಲಿಟ್ಟುಕೊಂಡಿತು. ನನಗೆ ಹೆದರಿಕೆಯೂ ಆಯಿತು, ಖುಷಿಯೂ ಆಯಿತು.

“ಇನ್ನಾ ಹಂಗs ಅದ,” ಅಂದರು ಅತ್ತೆ. “ಕೂಸಿನ ನಾವು ಒಯ್ತೀವಿ. ನೀ ಕರಜಗಿಗಿ ಹೋಗು.”

“ಒಯ್ರಿ,” ಅಂದೆ. “ಅದಕ್ಕ ಮೊದಲ ನನಗ ಬೈರಿ.”

“ಏನಂದಿ?”

“ಅಡಗಿಮನ್ಯಾಗ ದಿನಾ ಹೆಂಗ ಬೈತಿದ್ರಿ, ಹಂಗ ಬೈರಿ. ಕೂಸಿನ ಮುಂದ. ನಿಮ್ಮ ಸಾಬೂನಿನ ಮರಾಠಿ ಬ್ಯಾಡ.”

ಸಿಟ್ಟು ಬರಿಸಲೆಂದೇ ಅಂದ ಮಾತು, ಬರಿಸಿತು. ಅತ್ತೆಯವರ ಮುಖ ಕೆಂಪಾಯಿತು. ಚಪಳಗಾಂವ ಬಾಯಿಗೆ ಬಂತು. “ನಾಚಿಕಿಗೇಡಿ, ಯಾರ ಮುಂದ ಮಾತಾಡಾಕತ್ತಿ ಗೊತ್ತದ ಏನ? ಕುರಿ ಹಿಂದ ತಿರಗಾಕಿನ ತಂದು ಗಾದಿ ಮ್ಯಾಲ ಕುಂದ್ರಿಸಿದ್ವಿ, ನಮ್ಮ ತಲಿ ಮ್ಯಾಲs ಕುಂತಿ. ನಾ ಸೊಸಿ ಇದ್ದಾಗ ನಮ್ಮತ್ತಿ ಮುಂದ ಕೆಮ್ಮಿರಲಿಲ್ಲ…” ಕೈ ಬೀಸಿ, ಹುಬ್ಬು ಹಾರಿಸಿ, ಉಸಿರು ಬಿಡದೆ ಬೈದರು. ಆಯಿ ಬಾಗಿಲಲ್ಲಿ ನಿಂತು ತಲೆದೂಗುತ್ತಿದ್ದಳು.

ಕೂಸು ಬಾಯಿಂದ ಕೈ ತೆಗೆಯಿತು. ನನ್ನ ತೊಡೆಯಿಂದ ಇಳಿದು ಅಂಬೆಗಾಲಿಟ್ಟು ಅತ್ತೆಯವರ ಹತ್ತಿರ ಹೋಯಿತು. ಅವರ ಸೆರಗು ಹಿಡಿದುಕೊಂಡು ಕುಳಿತು, ಕತ್ತೆತ್ತಿ ಅವರ ಬಾಯಿಯನ್ನೇ ನೋಡುತ್ತ, ಅವರ ದನಿಯ ಮೇಲೆ ದನಿ ಏರಿಸಿ, “ಬಬ್ಬಬ್ಬ, ಅಬ್ಬಾ, ಬಾ ಬಾ” ಎಂದು ಬೈಯತೊಡಗಿತು. ಅದೂ ಕೈ ಬೀಸಿತು.

ಅತ್ತೆಯವರು ನಡುವೆಯೇ ನಿಂತರು. ಕೂಸೂ ದನಿ ನಿಲ್ಲಿಸಿ ಕಾದು ನೋಡಿತು. ಅತ್ತೆಯವರ ಬಾಯಿಂದ ಮಾತು ಬರದಿದ್ದಾಗ ಅವರ ಮೊಣಕಾಲಿಗೆ ಪಟಪಟನೆ ಹೊಡೆಯಿತು. ಅವರು ಮಗನ ಕಡೆ ನೋಡಿದರು, ಅವನು ಹಾಲಿನ ಡಬ್ಬಿಯನ್ನು ಬೆನ್ನ ಹಿಂದೆ ಸರಿಸುತ್ತಿದ್ದ. ನನ್ನ ಕಡೆ ನೋಡಿದರು. ಅವರಿಗೆ ಸಹಾಯ ಮಾಡುವ ಮನಸ್ಸು ನನಗಿರಲಿಲ್ಲ.

“ನೀನೂ ನಿಮ್ಮವ್ವನಂಗs ಬಾಯಿಬಡಕಿ ಆಗ್ತಿ ನೋಡು,” ಅಂದರು ಕೊನೆಗೆ. ದನಿ ಅರ್ಧಕ್ಕೆ ಒಡೆಯಿತು. ಅತ್ತೆಯವರು ನನ್ನ ಮಗಳಿಗೆ ಆಡಿದ ಮೊದಲ ಕನ್ನಡ ಮಾತು ಅದು.