ಮೈದುನನ ಕೈಯಲ್ಲಿದ್ದ ಪೆಟ್ಟಿಗೆ

ವಾರಕ್ಕೆ ಆರು ದಿನ ಅವನು ಕೊರಿಯರ್ ಆಫೀಸಿನ ಕೌಂಟರಿನ ಹಿಂದೆ ಕೂತು ಪಾರ್ಸೆಲ್ಲುಗಳಿಗೆ ಚೀಟಿ ಅಂಟಿಸುತ್ತಿದ್ದ. ಏಳನೆಯ ದಿನ ಹಳೆ ಸಾಮಾನಿನ ಸಂತೆಯಲ್ಲಿ ಮೇಜು ಹಾಕಿಕೊಂಡು ಗಡಿಯಾರ, ದೀಪ, ಕನ್ನಡಿಯ ಚೌಕಟ್ಟುಗಳಿಗೆ ಆಫೀಸಿನದೇ ಕೆಂಪು ದಾರದಲ್ಲಿ ಚೀಟಿ ಕಟ್ಟುತ್ತಿದ್ದ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಬರೆದ ವಿಷಯ ಮಾತ್ರ ಅಷ್ಟು ಚೊಕ್ಕವಲ್ಲ. 'ದೊಡ್ಡ ಮನೆತನದ್ದು', 'ಒಬ್ಬರೇ ಜೋಪಾನವಾಗಿ ಬಳಸಿದ್ದು', ಹೀಗೆ ಕೈಗೆ ಬಂದದ್ದು. ಸಂತೆಯವರು ಅವನನ್ನು ಚೀಟಿ ಮಾಸ್ತರ ಎನ್ನುತ್ತಿದ್ದರು. ಮಾಸ್ತರ ಎಂದದ್ದು ಗೌರವಕ್ಕೆ ಎಂದು ಅವನು ಎರಡು ವರ್ಷ ನಂಬಿಕೊಂಡಿದ್ದ.

ಅವನ ಹೊಟ್ಟೆಯುರಿಗೆ ಕಾರಣ ಹೆಂಡತಿಯ ತಮ್ಮ. ಕೆಲಸ ಬಿಟ್ಟು ಇವರ ಮನೆಯ ಸೋಫಾದ ಮೇಲೆ ಬಿದ್ದುಕೊಂಡಿದ್ದ ಮೈದುನನನ್ನು ಎಬ್ಬಿಸಿ ಸಂತೆಗೆ ಕರೆತಂದವನು ಇವನೇ. ಬೆಳ್ಳಿ ಯಾವುದು, ಬೆಳ್ಳಿಯ ಲೇಪ ಯಾವುದು ಎಂದು ಹೇಳಿಕೊಟ್ಟವನೂ ಇವನೇ. ವರ್ಷ ತುಂಬುವಷ್ಟರಲ್ಲಿ ಮೈದುನ ಪಕ್ಕದಲ್ಲೇ ಸ್ವಂತ ಮೇಜು ಹಾಕಿದ. ತುಕ್ಕು ರಾಶಿಯಲ್ಲಿ ಕೈ ಹಾಕಿದರೆ ಅವನಿಗೆ ಒಳ್ಳೆಯ ಸಾಮಾನೇ ಸಿಗುತ್ತಿತ್ತು. ಇವನು ಹಾಕಿದರೆ ತುಕ್ಕು ಸಿಗುತ್ತಿತ್ತು. ಗಿರಾಕಿಗಳು ಇವನ ಮೇಜಿಗೆ ಬಂದು, ಬಹಳ ವಿನಯದಿಂದ, "ನಿಮ್ಮ ಪಕ್ಕದವರು ಎಷ್ಟು ಹೊತ್ತಿಗೆ ಬರ್ತಾರೆ?" ಎಂದು ಕೇಳುತ್ತಿದ್ದರು. ಇವನು ಹಲ್ಲು ಕಡಿದುಕೊಂಡು ನಗುತ್ತಿದ್ದ. ಎರಡನ್ನೂ ಒಟ್ಟಿಗೆ ಮಾಡುವುದು ಸುಲಭವಲ್ಲ.

ಅಂಥದ್ದರಲ್ಲಿ ಬಾಗಿಲ ಪಕ್ಕದ ಮೇಜು ಖಾಲಿಯಾಗುವ ಸುದ್ದಿ ಬಂತು. ಒಳಗೆ ಬಂದವರೆಲ್ಲ ಮೊದಲು ನಿಲ್ಲುವ ಜಾಗ ಅದು. ಅಲ್ಲಿ ಮೂವತ್ತು ವರ್ಷ ಪಿಂಗಾಣಿ ಮಾರಿದ ಅಜ್ಜಿಗೆ ಮಂಡಿ ಕೈಕೊಟ್ಟಿತ್ತು. ಅವಳು ಯಾರ ಕಡೆ ಬೆರಳು ತೋರಿಸುತ್ತಾಳೋ ಅವರಿಗೇ ಮೇಜು ಎಂದು ಸಂತೆಯ ಮೇಲ್ವಿಚಾರಕ ಒಪ್ಪಿದ್ದ.

"ಬಾಗಿಲ ಮೇಜು ಅಂದ್ರೆ ಸಂತೆಯ ಮುಖ," ಎಂದಿದ್ದಳು ಅಜ್ಜಿ. "ಮಾತು ನಂಬೋ ಹಾಗಿರೋರಿಗೆ ಕೊಡ್ತೀನಿ. ನೀವಿಬ್ರೂ ನನ್ನ ಕಣ್ಣಲ್ಲಿದೀರಿ. ಬರೋ ಭಾನುವಾರ ಹೇಳ್ತೀನಿ."

ಆ ವಾರವೆಲ್ಲ ಚೀಟಿ ಮಾಸ್ತರನಿಗೆ ಊಟ ರುಚಿಸಲಿಲ್ಲ. ಮೇಜು ತನಗೆ ಸಿಗದಿದ್ದರೂ ಹೇಗೋ ತಡೆದುಕೊಂಡಾನು. ಮೈದುನನಿಗೆ ಸಿಕ್ಕರೆ ತಡೆದುಕೊಳ್ಳುವುದು ಹೇಗೆ?

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುತ್ತದೆ. ಅದಕ್ಕೂ ಮೊದಲು, ಇನ್ನೂ ಮಬ್ಬುಗತ್ತಲು ಇರುವಾಗಲೇ, ಹೊರಗಿನ ಅಂಗಳದಲ್ಲಿ ಟಾರ್ಪಾಲಿನ ಮೇಲೆ ಸಾಮಾನು ಸುರಿದವರ ಹತ್ತಿರ ವ್ಯಾಪಾರಿಗಳು ಟಾರ್ಚು ಹಿಡಿದು ಕೊಳ್ಳುತ್ತಾರೆ. ಅಲ್ಲಿ ಒಂದು ಕಟ್ಟಳೆ ಇದೆ. ಒಬ್ಬನ ಕೈಯಲ್ಲಿರುವ ವಸ್ತುವಿನ ಬೆಲೆಯನ್ನು ಇನ್ನೊಬ್ಬ ಕೇಳಬಾರದು. ಅವನು ಕೆಳಗಿಟ್ಟ ಮೇಲೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು.

ಮೈದುನನ ಕೈಯಲ್ಲಿ ಒಂದು ಪೆಟ್ಟಿಗೆ ಇತ್ತು. ಓರೆ ಮುಚ್ಚಳದ, ಹಿಂದೆ ಗುಮಾಸ್ತರು ಮೇಲೆ ಕಾಗದ ಇಟ್ಟು ಬರೆಯುತ್ತಿದ್ದ ಬಗೆಯದು. ಅದನ್ನು ಅವನು ಎದೆಗೆ ಅವಚಿಕೊಂಡು ಐದು ನಿಮಿಷವಾದರೂ ಬಿಟ್ಟಿರಲಿಲ್ಲ. ಸಾಮಾನ್ಯವಾಗಿ ಅರೆಕ್ಷಣದಲ್ಲಿ ತೀರ್ಮಾನ ಮಾಡುವವನು. ಚೀಟಿ ಮಾಸ್ತರ ಪೆಟ್ಟಿಗೆಯನ್ನು ನೋಡಲಿಲ್ಲ, ಮೈದುನನ ಮುಖ ನೋಡಿದ. ಆ ಮುಖದಲ್ಲಿದ್ದ ಕಳವಳ ಸಾಕಾಗಿತ್ತು. ಯಾವುದೋ ಭಾರಿ ವಸ್ತುವೇ ಇರಬೇಕು. ಇದನ್ನು ಹಿಡಿದುಕೊಂಡು ಹೋಗಿ ಅಜ್ಜಿಯ ಮುಂದಿಟ್ಟರೆ ಮೇಜು ಅವನದೇ.

ಇವನು ಮೂಲೆಗೆ ಹೋಗಿ ಹೆಂಡತಿಗೆ ಫೋನ್ ಮಾಡಿದ.

"ನಿನ್ನ ತಮ್ಮನಿಗೆ ಒಂದು ಫೋನ್ ಮಾಡು. ಈಗಲೇ."

"ಯಾಕ್ರೀ, ಏನಾಯ್ತು ಅವನಿಗೆ?"

"ಏನೂ ಆಗಿಲ್ಲ. ಹೇಗಿದೀಯ ಅಂತ ಕೇಳು."

"ನಿಮ್ಮ ಪಕ್ಕದಲ್ಲೇ ಇದಾನಲ್ಲ. ನೀವೇ ಕೇಳಿ."

"ಒಡಹುಟ್ಟಿದವಳು ಕೇಳಿದ ಹಾಗಾಗುತ್ತಾ?"

"ನಿಮಗೆ ಜ್ವರ ಗಿರ ಬಂದಿಲ್ಲ ತಾನೆ?" ಎಂದಳು. ಆದರೂ ಮಾಡಿದಳು.

ಮೈದುನನ ಜೇಬು ಹಾಡತೊಡಗಿತು. ಅವನ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಮುಷ್ಟಿ ಬಿಗಿದಿತ್ತು. ಯಾಕೆ ಬಿಗಿದಿತ್ತು ಎಂದು ಚೀಟಿ ಮಾಸ್ತರ ಯೋಚಿಸಲಿಲ್ಲ. ಇಷ್ಟು ಹೊತ್ತಿಗೆ ಅಕ್ಕನ ಫೋನ್ ಎಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಮೈದುನ ಪೆಟ್ಟಿಗೆ ಕೆಳಗಿಟ್ಟ. ಅದು ಟಾರ್ಪಾಲಿಗೆ ತಾಗುವಷ್ಟರಲ್ಲಿ ಇವನ ಕೈ ಅದರ ಮೇಲಿತ್ತು. ಮಾರುವವನು ಹೇಳಿದ ಬೆಲೆಗೆ ಚೌಕಾಸಿ ಕೂಡ ಮಾಡಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡೇ ಮೈದುನ ತಲೆಯಾಡಿಸಿ, "ಬೇಡ ಭಾವ, ಬೇಡ, ತಗೋಬೇಡಿ," ಎಂದ. ಆ ಗೋಗರೆತ ಚೀಟಿ ಮಾಸ್ತರನ ಕಿವಿಗೆ ಜೇನು ಸುರಿದಂತಿತ್ತು.

ನೇರ ಅಜ್ಜಿಯ ಬಳಿಗೆ ಹೋದ. ಅವಳು ಬಟ್ಟಲುಗಳಿಗೆ ಹಳೆಯ ಪತ್ರಿಕೆ ಸುತ್ತುತ್ತಿದ್ದಳು.

"ನೋಡಿ ಅಜ್ಜಿ. ಮೇಲಿಂದ ಕೆಳಗಿನವರೆಗೂ ಒಂದೇ ಮರ."

ಅಜ್ಜಿ ಕನ್ನಡಕ ಏರಿಸಿ ಮುಚ್ಚಳ ತೆರೆದಳು. ಹಿಂಬದಿಯ ಕೀಲಿನ ಹತ್ತಿರ ಬೆರಳು ಆಡಿಸಿದಳು. ಅಲ್ಲೇ ನಿಲ್ಲಿಸಿದಳು.

"ಇದು ಯಾವ ಶಾಲೆಗೆ ಹೋಗ್ತಿತ್ತಪ್ಪ?" ಎಂದಳು. "ಒಳಗೆ ಸ್ಕೇಲ್ ಇದೆ."

ಕೀಲಿನ ಸಂದಿಯಲ್ಲಿ ತೂರಿಸಿದ್ದ ಮರದ ಚೂರಿನ ಮೇಲೆ ಸಣ್ಣ ಗೆರೆಗಳಿದ್ದವು. ಗೆರೆಗಳ ಪಕ್ಕದಲ್ಲಿ, ಸ್ಪಷ್ಟವಾಗಿ, ಏಳರ ಅಂಕಿ.

ಚೀಟಿ ಮಾಸ್ತರನಿಗೆ ತನ್ನ ಅಡುಗೆಮನೆಯ ನೆಲ ಕಣ್ಣಮುಂದೆ ಬಂತು. ಒಂದೂವರೆ ವರ್ಷದ ಹಿಂದೆ ಮುಚ್ಚಳವಿಲ್ಲದ ಒಂದು ಪೆಟ್ಟಿಗೆಗೆ ಬೇರೆ ಯಾವುದೋ ಮುಚ್ಚಳ ಕೂಡಿಸಿ, ಸಂದಿಗೆ ಆಫೀಸಿನ ಸ್ಕೇಲ್ ತುಂಡು ಮಾಡಿ ಹೊಡೆದು, ಚಹಾ ಡಿಕಾಕ್ಷನ್ನೂ ಬೂಟ್ ಪಾಲಿಶ್ಶೂ ಬಳಿದು ಮುಪ್ಪು ತಂದಿದ್ದ. ಅಂಟು ಒಣಗುವವರೆಗೆ ಮುಚ್ಚಳವನ್ನು ಮೊಣಕಾಲಲ್ಲಿ ಒತ್ತಿ ಹಿಡಿದವನು ಮೈದುನ. ಆಮೇಲೆ ಯಾರೋ ಅದಕ್ಕೆ ಹಿತ್ತಾಳೆಯ ಮೂಲೆಪಟ್ಟಿ ಹೊಡೆಸಿ ಹೊಸ ವಾರ್ನಿಷ್ ಕೊಟ್ಟಿದ್ದರು. ಹಾಗೆ ಅದು ಕೈಯಿಂದ ಕೈಗೆ ಹೋಗಿ, ಸುತ್ತಿ ಬಂದು, ಹುಟ್ಟಿಸಿದವನಿಗೇ ಮೋಸ ಮಾಡಿತ್ತು.

"ಯಾರೋ ಮೋಸದ ಕೆಲಸ ಮಾಡಿದಾರೆ ಅಜ್ಜಿ," ಎಂದ.

"ಯಾರು?" ಅಜ್ಜಿ ಅವನ ಹಿಂದೆ ಬಂದು ನಿಂತಿದ್ದ ಮೈದುನನ ಕಡೆ ತಿರುಗಿದಳು. "ನಿಂಗೇನಾದ್ರೂ ಗೊತ್ತಾ?"

"ಕತ್ತಲಲ್ಲಿ ನಾನೂ ಸರಿಯಾಗಿ ನೋಡ್ಲಿಲ್ಲ ಅಜ್ಜಿ."

ಮೈದುನನ ಮುಷ್ಟಿಯಿಂದ ಕೆಂಪು ದಾರದ ತುದಿ ಇಣುಕುತ್ತಿತ್ತು. ಚೀಟಿ ಮಾಸ್ತರನಿಗೆ ಆಗ ಎಲ್ಲ ಅರ್ಥವಾಯಿತು. ಪೆಟ್ಟಿಗೆಯ ಒಳಗಡೆ ಇನ್ನೂ ಕಟ್ಟಿಕೊಂಡಿದ್ದ, ತನ್ನ ಮುತ್ತಿನಂಥ ಅಕ್ಷರದ ಚೀಟಿಯನ್ನು ಮೈದುನ ಐದು ನಿಮಿಷ ನಿಂತು ಬಿಚ್ಚಿದ್ದ, ಅಜ್ಜಿಯ ಕಣ್ಣಿಗೆ ಬೀಳದಿರಲಿ ಎಂದು. ಈಗ ಆ ಮುಷ್ಟಿ ತೆರೆದರೆ ಮೇಜು ಅವನದು. ಅವನು ತೆರೆಯುತ್ತಿಲ್ಲ.

ಕೃತಜ್ಞತೆ ಬರಬೇಕಾದ ಜಾಗದಲ್ಲಿ ಇವನಿಗೆ ಮೈಯೆಲ್ಲ ಉರಿಯಿತು. ಕಣ್ಣು ಅವನದು, ಕೈಗುಣ ಅವನದು, ಗಿರಾಕಿಗಳೂ ಅವನವರು. ಇನ್ನು ಒಳ್ಳೆಯತನವೂ ಅವನ ಪಾಲಿಗೇ ಹೋದರೆ ತನಗೆ ಉಳಿಯುವುದೇನು, ಬೂಟ್ ಪಾಲಿಶ್ಶೇ?

"ನಾನೇ ಅಜ್ಜಿ," ಎಂದ. "ನನ್ನ ಕೆಲಸವೇ. ಸ್ಕೇಲು ನಮ್ಮ ಆಫೀಸಿಂದು. ಚೀಟಿ ಅವನ ಕೈಲಿದೆ, ಬೇಕಾದ್ರೆ ಓದಿ."

ಪ್ರಾಮಾಣಿಕತೆ ಎಂದು ಯಾರಾದರೂ ಬೆನ್ನು ತಟ್ಟಿದ್ದರೆ ಇವನಿಗೇ ನಾಚಿಕೆಯಾಗುತ್ತಿತ್ತು. ಅದು ಅಪ್ಪಟ ಹೊಟ್ಟೆಕಿಚ್ಚು. ಯಾರೂ ತಟ್ಟಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು," ಎಂದಳು ಅಜ್ಜಿ, ಇನ್ನೊಂದು ಬಟ್ಟಲು ಸುತ್ತುತ್ತಾ. "ಮೇಜು ಮಾತ್ರ ಅವನಿಗೆ."

ಮುಂದಿನ ಭಾನುವಾರ ಮೈದುನ ಬಾಗಿಲಿಗೆ ಹೋದ. ಹೋಗುವ ಮುಂಚೆ, "ಅರ್ಧ ಮೇಜು ನೀವೇ ಇಟ್ಕೊಳ್ಳಿ ಭಾವ," ಎಂದ. ಇವನು ಬೇಡವೆಂದ. ಅರ್ಧ ಮೇಜಿನ ಉಪಕಾರ ಹೊರುವಷ್ಟು ಗಟ್ಟಿ ಬೆನ್ನು ಇವನದಲ್ಲ. ಪೆಟ್ಟಿಗೆಯನ್ನು ತನ್ನ ಮೇಜಿನ ನಡುವೆ ಇಟ್ಟು, ಮುಚ್ಚಳ ತೆರೆದು, ಬಾಳಿನಲ್ಲಿ ಮೊದಲ ಸಲ ಸುಳ್ಳಿಲ್ಲದ ಚೀಟಿ ಬರೆದು ಕಟ್ಟಿದ: 'ಕೆಳಗಿನದು ಹಳೆಯದು. ಮುಚ್ಚಳ ಯಾರದೋ. ಸ್ಕೇಲು ಆಫೀಸಿನದು. ಮುಪ್ಪು ಚಹಾದ್ದು.'

ಹತ್ತು ಗಂಟೆಗೆ ಒಬ್ಬ ಹೆಂಗಸು ಓದಿ ನಕ್ಕಳು. ಗಂಡನನ್ನು ಕರೆದು ಓದಿಸಿದಳು. ಅವರ ಹಿಂದೆ ಇನ್ನಿಬ್ಬರು ಕತ್ತು ಚಾಚಿದರು. ಸ್ವಲ್ಪ ಹೊತ್ತಿಗೆಲ್ಲ ಮೇಜಿನ ಸುತ್ತ ಜನ ಮುತ್ತಿಕೊಂಡು, "ಉಳಿದವಕ್ಕೂ ಹೀಗೇ ಬರೀರಿ," ಎನ್ನತೊಡಗಿದರು. ಬಾಗಿಲ ಕಡೆಯಿಂದ ಮೈದುನ, ಗುಂಪು ಯಾಕೆ ಎಂದು ನೋಡಲು ಬಂದ. ಜನರ ಹೆಗಲ ಮೇಲಿಂದ ಚೀಟಿ ಓದಿದ, ನಕ್ಕ. ಆಮೇಲೆ ಒಮ್ಮೆ ಹಿಂದೆ ತಿರುಗಿ ತನ್ನ ಮೇಜಿನ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅವನ ತುಟಿಯ ಮೂಲೆ ಒಂದಿಷ್ಟೇ ಕೆಳಗೆ ಜಾರಿತು.

ಚೀಟಿ ಮಾಸ್ತರನಿಗೆ ಅದು ಚೆನ್ನಾಗಿ ಪರಿಚಯವಿದ್ದ ಮುಖ. ದಿನಾ ಕನ್ನಡಿಯಲ್ಲಿ ನೋಡುತ್ತಿದ್ದುದು. ಆ ವಾರವೆಲ್ಲ ಅವನಿಗೆ ಊಟ ಬಹಳ ರುಚಿಸಿತು.